‘ಅಯ್ಯೋ ಪಾಪ’ದ ಆಚೆಗೆ: ಕಪ್ಪು ಮಹಿಳೆಯರ ಬರಹವನ್ನು ಓದುವ ಬಗೆ

ಅಮೆರಿಕದ ಕಪ್ಪು ಮಹಿಳೆ ಹ್ಯಾರಿಯೆಟ್ ಜೇಕಬ್ಸ್ 1861ರಲ್ಲಿ ತಮ್ಮ ಗುಲಾಮಗಿರಿಯ ದಿನಗಳ ಕಥನವನ್ನು ಅಚ್ಚು ಹಾಕಿಸಿದಾಗ ಮುನ್ನುಡಿಯಲ್ಲೇ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಿಬಿಟ್ಟರು. ನನ್ನ ಕಷ್ಟಕ್ಕೆ ಮರುಕ ಹುಟ್ಟಿಸಬೇಕೆಂದು ನಾನಿದನ್ನು ಬರೆದಿಲ್ಲ ಎಂಬುದು ಆ ಮಾತಿನ ತಾತ್ಪರ್ಯ. ಇಂದಿಗೂ ಎಷ್ಟೋ ಓದುಗರು ಆ ಸಾಲನ್ನು ದಾಟಿಕೊಂಡೇ ಹೋಗುತ್ತಾರೆ. ಹೊಡೆತ, ಬೈಗುಳ, ಮಕ್ಕಳ ಮಾರಾಟ ಓದಿ ಎದೆ ಭಾರವಾಗಿ ಅರ್ಧಕ್ಕೇ ಬಿಡುವವರಿದ್ದಾರೆ. ಪೂರ್ತಿ ಓದಿ ‘ಅಯ್ಯೋ ಪಾಪ’ ಎಂದು ಮುಚ್ಚಿಡುವವರೂ ಇದ್ದಾರೆ. ಇಬ್ಬರಿಗೂ ತಪ್ಪಿಹೋಗುವುದು ಒಂದೇ: ಆ ಹೆಣ್ಣು ಏನು ಮಾಡಿದಳು ಎಂಬುದು. ಅವಳಿಗೆ ಏನಾಯಿತು ಎಂಬುದಷ್ಟೇ ನೆನಪಿನಲ್ಲಿ ಉಳಿಯುತ್ತದೆ.

ಈ ಮಾರ್ಗದರ್ಶಿ ಹತ್ತು ವಾರದ ಓದಿಗೆ. ದಿನಕ್ಕೆ ಮುಕ್ಕಾಲು ಗಂಟೆ ಸಾಕು. ಓದುವುದೆಲ್ಲ ಇಂಗ್ಲಿಷಿನಲ್ಲೇ. ಒಂದು ಪುಟಕ್ಕೆ ಐದಕ್ಕಿಂತ ಹೆಚ್ಚು ಸಲ ನಿಘಂಟು ತೆರೆಯಬೇಡಿ, ಓಟ ಕೆಡುತ್ತದೆ. ಗೊತ್ತಿಲ್ಲದ ಪದದ ಕೆಳಗೆ ಗೆರೆ ಎಳೆದು ಮುಂದೆ ಹೋಗಿ.

ಹೆಜ್ಜೆ 1: ಪುಸ್ತಕ ಮತ್ತು ನೋಟ್‌ಬುಕ್

ಜೇಕಬ್ಸ್ ಅವರ ‘ಇನ್ಸಿಡೆಂಟ್ಸ್ ಇನ್ ದ ಲೈಫ್ ಆಫ್ ಎ ಸ್ಲೇವ್ ಗರ್ಲ್’ ಮತ್ತು ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಅವರ 1892ರ ಕಿರುಹೊತ್ತಗೆ ‘ಸದರ್ನ್ ಹಾರರ್ಸ್’ ಎರಡಕ್ಕೂ ಈಗ ಕಾಪಿರೈಟ್ ಇಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಟೋನಿ ಮಾರಿಸನ್ ಅವರ 1970ರ ಕಾದಂಬರಿ ‘ದ ಬ್ಲೂಯೆಸ್ಟ್ ಐ’ಯನ್ನು ಮಾತ್ರ ಕೊಳ್ಳಬೇಕು, ಇಲ್ಲವೇ ಗ್ರಂಥಾಲಯದಿಂದ ತರಬೇಕು.

ನೋಟ್‌ಬುಕ್ಕಿನ ಪುಟಕ್ಕೆ ಮೂರು ಕಂಬ ಎಳೆಯಿರಿ. ಮೊದಲನೆಯದು: ಬರಹದ ಮಹಿಳೆಯನ್ನು ಯಾರು ಏನೆಂದು ಕರೆದರು. ಎರಡನೆಯದು: ಇದನ್ನು ಹೇಳುತ್ತಿರುವವರು, ಬರೆದುಕೊಂಡವರು, ತಿದ್ದಿದವರು ಯಾರು. ಮೂರನೆಯದು: ಆ ಮಹಿಳೆ ಏನು ಮಾಡಿದರು. ಒಂದು ವಾರ ಓದಿದ ಮೇಲೂ ಮೂರನೆಯ ಕಂಬ ಖಾಲಿ ಇದ್ದರೆ ಪುಸ್ತಕವನ್ನು ದೂರಬೇಡಿ. ಓದಿದ ಪುಟಗಳನ್ನೇ ಮತ್ತೆ ತೆರೆಯಿರಿ.

ಹೆಜ್ಜೆ 2: ಒಂದೇ ಬಾಯಿ, ಎರಡು ಕಥೆ (ಮೊದಲ ವಾರ)

ದೊಡ್ಡ ಪುಸ್ತಕಕ್ಕೆ ಕೈ ಹಾಕುವ ಮೊದಲು ಕೆಲವೇ ಪುಟಗಳ ಎರಡು ಸಂದರ್ಶನ ಓದಿ. 1936ರಿಂದ 1938ರ ನಡುವೆ ಅಮೆರಿಕದ ಸರ್ಕಾರಿ ಯೋಜನೆಯೊಂದು ಗುಲಾಮಗಿರಿಯಲ್ಲಿ ಹುಟ್ಟಿ ಇನ್ನೂ ಬದುಕಿದ್ದ 2,300ಕ್ಕೂ ಹೆಚ್ಚು ಮಂದಿಯ ಮಾತುಗಳನ್ನು ಬರೆದುಕೊಂಡಿತು. ಅವೆಲ್ಲ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಜಾಲತಾಣದಲ್ಲಿವೆ. ಸೌತ್ ಕ್ಯಾರೊಲಿನಾ ಸಂಪುಟದಲ್ಲಿ ಚಾರ್ಲ್ಸ್‌ಟನ್ ಊರಿನ ಸೂಸನ್ ಹ್ಯಾಮ್ಲಿನ್ ಎಂಬ ವೃದ್ಧೆಯ ಸಂದರ್ಶನ ಎರಡು ಸಲ ಬರುತ್ತದೆ. ಒಂದು ಕಡೆ ಅವರ ಹೆಸರು ಹ್ಯಾಮಿಲ್ಟನ್ ಎಂದಿದೆ, ಎರಡನ್ನೂ ಹುಡುಕಿ.

ಬಿಳಿಯ ಮಹಿಳೆ ಬಂದು ಕೇಳಿದಾಗ ಯಜಮಾನ ಒಳ್ಳೆಯವನು, ಬದುಕು ಹಾಗೂಹೀಗೂ ನಡೆಯುತ್ತಿತ್ತು ಎನ್ನುವ ಧಾಟಿ. ಕಪ್ಪು ವ್ಯಕ್ತಿ ಕೇಳಿದಾಗ ಚಾಟಿಯೇಟು, ಮಾರಾಟ, ಬೇರ್ಪಟ್ಟ ತಾಯಿ ಮಕ್ಕಳ ಗೋಳು. ಹೆಂಗಸು ಒಬ್ಬರೇ, ಬದುಕೂ ಒಂದೇ. ಆ ಬಿಳಿಯ ಮಹಿಳೆ ಸರ್ಕಾರದಿಂದ ಪಿಂಚಣಿ ಕೊಡಿಸಲು ಬಂದವರಿರಬಹುದು ಎಂದು ಹಣ್ಣುಹಣ್ಣು ಮುದುಕಿಯೊಬ್ಬರು ಎಣಿಸಿದ್ದರೆ ಅದರಲ್ಲಿ ಅಚ್ಚರಿಯಿಲ್ಲ, ಅದು ಹಸಿವಿನ ಕಾಲ. ಇದನ್ನು ಸುಳ್ಳು ಎನ್ನಬೇಡಿ, ಎಚ್ಚರ ಎನ್ನಿ. ಎರಡನೆಯ ಕಂಬ ಏಕೆ ಬೇಕು ಎಂಬುದು ಇಲ್ಲೇ ಮನದಟ್ಟಾಗುತ್ತದೆ.

ಇದೇ ಎಚ್ಚರ, ಗುಲಾಮಗಿರಿಯಿಂದ ಬಿಡಿಸಿಕೊಂಡು ಹೆಣ್ಣುಮಕ್ಕಳ ಹಕ್ಕಿಗಾಗಿ ಮಾತಾಡಿದ ಸೊಜರ್ನರ್ ಟ್ರೂತ್ ಅವರ ಹೆಸರಾಂತ ಭಾಷಣಕ್ಕೂ ಬೇಕು. 1851ರಲ್ಲಿ ಓಹಾಯೊದ ಏಕ್ರನ್‌ನಲ್ಲಿ ಮಾಡಿದ ಆ ಭಾಷಣದ ವರದಿ ಕೆಲವೇ ವಾರಗಳಲ್ಲಿ ಪತ್ರಿಕೆಯಲ್ಲಿ ಬಂತು. ‘ನಾನು ಹೆಣ್ಣಲ್ಲವೇ’ ಎಂದು ಮತ್ತೆ ಮತ್ತೆ ಕೇಳುವ ಜನಪ್ರಿಯ ಪಾಠವನ್ನು ಬಿಳಿಯ ಮಹಿಳೆಯೊಬ್ಬರು ಹನ್ನೆರಡು ವರ್ಷದ ಮೇಲೆ, 1863ರಲ್ಲಿ, ದಕ್ಷಿಣದ ಗುಲಾಮರ ಆಡುನುಡಿ ಹಚ್ಚಿ ಬರೆದರು. ಟ್ರೂತ್ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದಲ್ಲಿ, ಮೊದಲು ಕಲಿತ ಭಾಷೆ ಡಚ್. ಆ ಆಡುನುಡಿ ಅವರದಾಗಿರಲು ಸಾಧ್ಯವಿಲ್ಲ. ಎರಡೂ ಪಾಠಗಳು ಜಾಲದಲ್ಲಿವೆ. 1851ರದನ್ನು ಮೊದಲು ಓದಿ.

ಹೆಜ್ಜೆ 3: ಒಂದೇ ಪುಟದ ಕಾಲಪಟ್ಟಿ

ಇತಿಹಾಸವನ್ನೆಲ್ಲ ಓದಿ ಬರಬೇಕಿಲ್ಲ. ಏಳು ಇಸವಿ ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ. 1662: ವರ್ಜೀನಿಯಾದ ಕಾನೂನು, ಮಗುವಿನ ಸ್ಥಿತಿ ತಾಯಿಯ ಸ್ಥಿತಿಯನ್ನೇ ಅನುಸರಿಸುತ್ತದೆ. 1850: ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳಿಂದಲೂ ಹಿಡಿದು ಒಪ್ಪಿಸಬೇಕೆಂಬ ಕಾನೂನು. 1865: ಗುಲಾಮಗಿರಿ ರದ್ದು. 1896: ಬಿಳಿಯರನ್ನೂ ಕಪ್ಪು ಜನರನ್ನೂ ‘ಬೇರೆ ಬೇರೆ, ಆದರೆ ಸಮಾನ’ವಾಗಿ ಇಡಬಹುದು ಎಂದ ತೀರ್ಪು. 1954: ಶಾಲೆಗಳಲ್ಲಿ ಆ ತೀರ್ಪಿಗೆ ಕೊನೆ. 1964: ನಾಗರಿಕ ಹಕ್ಕುಗಳ ಕಾಯ್ದೆ. 1965: ಮತದಾನದ ಹಕ್ಕಿನ ಕಾಯ್ದೆ.

ಇವುಗಳಲ್ಲಿ 1662ರ ಕೆಳಗೆ ಕೆಂಪು ಗೆರೆ ಎಳೆಯಿರಿ. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿಗೆ ತಂದೆಯ ಅಂತಸ್ತು. ವರ್ಜೀನಿಯಾ ಅದನ್ನು ತಲೆಕೆಳಗು ಮಾಡಿತು. ಯಜಮಾನ ತನ್ನ ಗುಲಾಮ ಹೆಣ್ಣಿನ ಮೇಲೆ ಬಲಾತ್ಕಾರ ಮಾಡಿದರೆ ಹುಟ್ಟಿದ ಮಗು ಅವನ ವಾರಸುದಾರನಾಗಲಿಲ್ಲ, ಅವನ ಆಸ್ತಿಯಾಯಿತು. ಹೆಣ್ಣಿನ ಬಸಿರೇ ಲೆಕ್ಕದ ಪುಸ್ತಕಕ್ಕೆ ಸೇರಿತು. ಜೇಕಬ್ಸ್ ಅವರ ಇಬ್ಬರು ಮಕ್ಕಳ ತಂದೆ ಬಿಳಿಯ ವಕೀಲ, ಮುಂದೆ ಅಮೆರಿಕದ ಸಂಸತ್ತಿಗೂ ಆಯ್ಕೆಯಾದವನು. ಆದರೂ ಮಕ್ಕಳು ಹುಟ್ಟಿದ್ದು ಗುಲಾಮರಾಗಿ. ಇದು ಗೊತ್ತಿಲ್ಲದೆ ಓದಿದರೆ ಆ ತಾಯಿಯ ಪ್ರತಿಯೊಂದು ನಿರ್ಧಾರವೂ ವಿಚಿತ್ರವಾಗಿ ಕಾಣುತ್ತದೆ.

ಹೆಜ್ಜೆ 4: ಜೇಕಬ್ಸ್, ಅಳತೆ ಹಾಕಿ (ಎರಡರಿಂದ ಆರನೆಯ ವಾರ)

ಪುಸ್ತಕದಲ್ಲಿ 41 ಅಧ್ಯಾಯಗಳಿವೆ, ಹೆಚ್ಚಿನವು ಚಿಕ್ಕವು. ವಾರಕ್ಕೆ ಎಂಟರಂತೆ ಐದು ವಾರಕ್ಕೆ ಮುಗಿಯುತ್ತದೆ, ಕೊನೆಯ ವಾರ ಒಂದು ಹೆಚ್ಚು. ಅಲ್ಲಿನ ಹೆಸರುಗಳೆಲ್ಲ ಮರೆಮಾಚಿದವು. ಲೇಖಕಿಯೇ ‘ಲಿಂಡಾ ಬ್ರೆಂಟ್’, ಬೆನ್ನು ಹತ್ತುವ ಯಜಮಾನ ‘ಡಾಕ್ಟರ್ ಫ್ಲಿಂಟ್’ ಎಂದರೆ ನಾರ್ತ್ ಕ್ಯಾರೊಲಿನಾದ ಈಡನ್‌ಟನ್ ಊರಿನ ಜೇಮ್ಸ್ ನಾರ್ಕಾಮ್. ಇದೆಲ್ಲ ಕಟ್ಟುಕಥೆ, ಸಂಪಾದಕಿಯಾಗಿದ್ದ ಬಿಳಿಯ ಲೇಖಕಿಯೇ ಬರೆದದ್ದು ಎಂದು ವಿದ್ವಾಂಸರೇ ಬಹುಕಾಲ ನಂಬಿದ್ದರು. 1980ರ ದಶಕದಲ್ಲಿ ಸಂಶೋಧಕಿ ಜೀನ್ ಫೇಗನ್ ಯೆಲಿನ್ ಪತ್ರಗಳನ್ನು ಜಾಲಾಡಿ ಬರೆದವರು ಜೇಕಬ್ಸ್ ಅವರೇ ಎಂದು ಸಾಬೀತು ಮಾಡಿದರು. ಕಪ್ಪು ಹೆಣ್ಣು ಇಷ್ಟು ಚೆನ್ನಾಗಿ ಬರೆದಾಳೇ ಎಂಬ ಅನುಮಾನಕ್ಕೆ ನೂರಕ್ಕೂ ಹೆಚ್ಚು ವರ್ಷದ ಆಯಸ್ಸು ಸಿಕ್ಕಿತ್ತು. ಆ ಅನುಮಾನವನ್ನೂ ಎರಡನೆಯ ಕಂಬದಲ್ಲಿ ಬರೆದುಕೊಳ್ಳಿ.

21ನೆಯ ಅಧ್ಯಾಯಕ್ಕೆ ಬಂದಾಗ ಪುಸ್ತಕ ಕೆಳಗಿಟ್ಟು ಟೇಪ್ ತೆಗೆದುಕೊಳ್ಳಿ. ಅಜ್ಜಿಯ ಮನೆಗೆ ಅಂಟಿದ ಕೊಟ್ಟಿಗೆಯ ಸೂರಿನಡಿ, ಆ ಡಾಕ್ಟರನಿಂದ ತಪ್ಪಿಸಿಕೊಂಡು ಅವರು ಅಡಗಿದ್ದ ಜಾಗ 9 ಅಡಿ ಉದ್ದ, 7 ಅಡಿ ಅಗಲ. ಎತ್ತರ ಅತಿ ಹೆಚ್ಚೆಂದರೆ 3 ಅಡಿ, ಅಲ್ಲಿಂದ ಕೆಳಕ್ಕೆ ಇಳಿಜಾರು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. 3 ಅಡಿ ಎಂದರೆ ಊಟದ ಮೇಜಿಗಿಂತ ಒಂದು ಗೇಣೂ ಎತ್ತರವಿಲ್ಲ. ಮಗ್ಗುಲು ಬದಲಿಸಿದರೆ ಸೂರು ತಗುಲುತ್ತದೆ. ಬೆಳಕಿಲ್ಲ, ಗಾಳಿಯಿಲ್ಲ. ಹೆಚ್ಚುಕಡಿಮೆ ಏಳು ವರ್ಷ ಅವರು ಅಲ್ಲಿದ್ದರು.

ಹೆಚ್ಚಿನ ಓದುಗರು ಇಲ್ಲೇ ಕಣ್ಣೊರೆಸಿಕೊಂಡು ನಿಂತುಬಿಡುತ್ತಾರೆ. ನಿಲ್ಲಬೇಡಿ. ಕೈಗೆ ಸಿಕ್ಕ ಬೈರಿಗೆಯಿಂದ ಅವರು ಗೋಡೆಯ ಹಲಗೆಗೆ ಮೂರು ಸಾಲಾಗಿ ತೂತು ಕೊರೆದು, ನಡುವಿನದನ್ನು ಕೆತ್ತಿ, ಇಂಚಗಲದ ಕಿಂಡಿ ಮಾಡಿಕೊಳ್ಳುತ್ತಾರೆ. ಅದರಿಂದ ಬೀದಿ ಕಾಣುತ್ತದೆ, ಮಕ್ಕಳು ಕಾಣುತ್ತಾರೆ. ಕಿಂಡಿಯಲ್ಲಿ ಮೊದಲು ಕಂಡವನು ಆ ಡಾಕ್ಟರನೇ. ಮುಂದೆ 25ನೆಯ ಅಧ್ಯಾಯದಲ್ಲಿ ನ್ಯೂಯಾರ್ಕಿನ ಒಂದು ಪತ್ರಿಕೆಯ ತುಂಡು ತರಿಸಿಕೊಂಡು, ಅದರಲ್ಲಿನ ಬೀದಿಗಳ ಹೆಸರು ನೋಡಿ, ತಾವು ನ್ಯೂಯಾರ್ಕಿನಲ್ಲಿದ್ದೇವೆಂಬಂತೆ ಪತ್ರ ಬರೆದು, ಅಲ್ಲಿಂದಲೇ ಅಂಚೆಗೆ ಹಾಕಿಸುತ್ತಾರೆ. ಡಾಕ್ಟರ್ ಆ ಪತ್ರ ಹಿಡಿದು ಅಜ್ಜಿಯ ಮನೆಗೆ ಬರುತ್ತಾನೆ. ಬರೆದದ್ದನ್ನು ಬದಲಿಸಿ, ತನಗೆ ಬೇಕಾದಂತೆ ಓದಿ ಹೇಳುತ್ತಾನೆ. ಬರೆದವರು ಅದೇ ಮನೆಯಲ್ಲಿ ಬಾಗಿಲ ಹಿಂದೆ ಕುಳಿತು ಕೇಳಿಸಿಕೊಳ್ಳುತ್ತಿದ್ದಾರೆ. ಮೂರನೆಯ ಕಂಬ ತುಂಬಿ ಹರಿಯುವುದು ಇಲ್ಲಿ.

ಇದರ ಜೊತೆಗೆ ನಾರ್ಕಾಮ್ 1835ರಲ್ಲಿ ಪತ್ರಿಕೆಗೆ ಕೊಟ್ಟ ಜಾಹೀರಾತನ್ನೂ ಹುಡುಕಿ ಓದಿ. ಹಿಡಿದುಕೊಟ್ಟವರಿಗೆ 100 ಡಾಲರ್ ಬಹುಮಾನ. ಆಕೆಯ ಎತ್ತರ, ಕೂದಲು, ಮೈಕಟ್ಟು ಎಲ್ಲವನ್ನೂ ವರ್ಣಿಸಿ, ಯಾವ ಕಾರಣವೂ ಇಲ್ಲದೆ ಓಡಿಹೋಗಿದ್ದಾಳೆ ಎನ್ನುತ್ತಾನೆ. ಸಲೀಸಾಗಿ, ಸೊಗಸಾಗಿ ಮಾತಾಡುತ್ತಾಳೆ ಎಂದೂ ಬರೆಯುತ್ತಾನೆ. ಕಟ್ಟಿಹಾಕಲು ಹೊರಟವನೇ ಆಕೆಯ ಮಾತಿನ ಶಕ್ತಿಗೆ ಸಾಕ್ಷಿ ಬರೆದುಕೊಟ್ಟಿದ್ದಾನೆ.

ಜೇಕಬ್ಸ್ ಕೆಲವೆಡೆ ತಟ್ಟನೆ ಮಾತು ನಿಲ್ಲಿಸುತ್ತಾರೆ. 1861ರಲ್ಲಿ ಮರ್ಯಾದಸ್ಥ ಹೆಣ್ಣು ಲೈಂಗಿಕ ದೌರ್ಜನ್ಯದ ಬಗ್ಗೆ ಬಾಯಿ ಬಿಟ್ಟು ಬರೆಯುವಂತಿರಲಿಲ್ಲ. ವಾಕ್ಯ ಅರ್ಧಕ್ಕೆ ತಿರುಗಿದ ಕಡೆ ಅಂಚಿನಲ್ಲಿ ಒಂದು ಚುಕ್ಕೆ ಇಡಿ. ಆ ಖಾಲಿಯನ್ನು ನಿಮ್ಮ ಊಹೆಯಿಂದ ತುಂಬಲು ಹೋಗಬೇಡಿ.

ಹೆಜ್ಜೆ 5: ಕರೆಯುವ ಪದಗಳು

ಕನ್ನಡದ ಕಿವಿ ಮೋಸಹೋಗುವುದು ಇಲ್ಲಿಯೇ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರು ವಯಸ್ಸಾದ ಕಪ್ಪು ಹೆಂಗಸನ್ನು ‘ಆಂಟಿ’ ಎನ್ನುತ್ತಿದ್ದರು. ನಮಗೆ ಅದು ಪಕ್ಕದ ಮನೆಯ ಆಂಟಿ, ಸಲುಗೆಯೂ ಗೌರವವೂ ಬೆರೆತ ಪದ. ಅಲ್ಲಿ ಅದು ‘ಮಿಸೆಸ್’ ಎನ್ನುವುದನ್ನು ತಪ್ಪಿಸಿಕೊಳ್ಳುವ ದಾರಿ. ಅದೇ ಪದವನ್ನು ಕಪ್ಪು ಜನರು ತಮ್ಮೊಳಗೆ ಬಳಸಿದರೆ ಅದರಲ್ಲಿ ನಿಜವಾದ ಅಕ್ಕರೆ ಇರುತ್ತದೆ. ಆದ್ದರಿಂದ ಪದವನ್ನಷ್ಟೇ ಬರೆದುಕೊಂಡರೆ ಸಾಲದು, ಯಾರ ಬಾಯಿಂದ ಬಂತು ಎಂಬುದನ್ನೂ ಬರೆಯಿರಿ. ಐವತ್ತರ ಹೆಂಗಸನ್ನು ‘ಗರ್ಲ್’ ಎಂದರೆ ನಮ್ಮ ‘ಏ ಹುಡುಗಿ’ ನೆನಪಾಗಬೇಕು.

ಮಾಯಾ ಏಂಜೆಲೊ ಅವರ 1969ರ ಆತ್ಮಕಥನದಲ್ಲಿ ಕೆಲಸಕ್ಕಿದ್ದ ಮನೆಯ ಬಿಳಿಯ ಯಜಮಾನಿ ಹುಡುಗಿ ಮಾಯಾಳನ್ನು ‘ಮಾರ್ಗರೆಟ್’ ಎನ್ನುವುದು ಉದ್ದವಾಯಿತೆಂದು ‘ಮೇರಿ’ ಎಂದು ಕರೆಯತೊಡಗುತ್ತಾಳೆ. ಹುಡುಗಿ ಅವಳ ಅಚ್ಚುಮೆಚ್ಚಿನ ಪಿಂಗಾಣಿ ಪಾತ್ರೆಯನ್ನು ಬೇಕೆಂದೇ ಬೀಳಿಸುತ್ತಾಳೆ. ಹೆಸರಿಗಾಗಿ ಒಡೆದ ಪಾತ್ರೆ ಅದು.

‘ನೀಗ್ರೋ’ ಹಳೆಯ ಪುಸ್ತಕಗಳಲ್ಲಿ ಬೈಗುಳವಾಗಿರಲಿಲ್ಲ. ಅದರ ಮೊದಲ ಅಕ್ಷರ ದೊಡ್ಡದಿರಬೇಕೆಂದು ದಶಕಗಳ ಕಾಲ ಹೋರಾಟ ನಡೆದು, ನ್ಯೂಯಾರ್ಕ್ ಟೈಮ್ಸ್ 1930ರಲ್ಲಿ ಒಪ್ಪಿತು. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲದ ಕಾರಣ ಈ ಹೋರಾಟವೇ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಇಂದು ಮಾತಾಡುವಾಗ ‘ನೀಗ್ರೋ’ ಬೇಡ, ‘ಕರಿಯಳು’ ಅಂತೂ ಬೇಡವೇ ಬೇಡ. ‘ಕಪ್ಪು ಮಹಿಳೆ’ ಅಥವಾ ‘ಆಫ್ರಿಕನ್ ಅಮೆರಿಕನ್ ಮಹಿಳೆ’ ಎನ್ನಿ. ಓದಿ ಹೇಳುವಾಗ ಹೀನ ಬೈಗುಳ ಬಂದರೆ ಉಚ್ಚರಿಸದೆ ‘ಇಲ್ಲೊಂದು ಬೈಗುಳವಿದೆ’ ಎಂದು ಹೇಳಿ ಮುಂದುವರಿಯಿರಿ.

ಹೆಜ್ಜೆ 6: ವೆಲ್ಸ್ (ಏಳನೆಯ ವಾರ)

ಐಡಾ ವೆಲ್ಸ್ ಅವರನ್ನು ಟೆನೆಸಿಯಲ್ಲಿ ರೈಲಿನ ‘ಲೇಡೀಸ್’ ಡಬ್ಬಿಯಿಂದ ಎಳೆದು ಹೊರಹಾಕಿದರು. ಅವರ ಬಳಿ ಮೊದಲ ದರ್ಜೆಯ ಟಿಕೆಟ್ ಇತ್ತು. ದಾವೆ ಹೂಡಿ 1884ರಲ್ಲಿ 500 ಡಾಲರ್ ಪರಿಹಾರ ಗೆದ್ದರು. 1887ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಿರುವಿಹಾಕಿತು. ‘ಲೇಡಿ’ ಎಂಬ ಪದದೊಳಗೆ ಅವರಿಗೆ ಜಾಗವಿರಲಿಲ್ಲ.

1892ರಲ್ಲಿ ಮೆಂಫಿಸ್‌ನಲ್ಲಿ ದಿನಸಿ ಅಂಗಡಿ ನಡೆಸುತ್ತಿದ್ದ ಅವರ ಸ್ನೇಹಿತ ಥಾಮಸ್ ಮಾಸ್ ಮತ್ತು ಇನ್ನಿಬ್ಬರನ್ನು ಬಿಳಿಯರ ಗುಂಪು ಕೊಂದ ಮೇಲೆ ವೆಲ್ಸ್ ಇಂಥ ಗುಂಪುಕೊಲೆಗಳ ಬಗ್ಗೆ ‘ಸದರ್ನ್ ಹಾರರ್ಸ್’ ಬರೆದರು. ಓದುವಾಗ ಅವರ ಸಾಕ್ಷ್ಯಗಳು ಎಲ್ಲಿಂದ ಬಂದವು ನೋಡಿ: ಮತ್ತೆ ಮತ್ತೆ ಬಿಳಿಯರ ಪತ್ರಿಕೆಗಳನ್ನೇ ಎತ್ತಿ ತೋರಿಸುತ್ತಾರೆ. ನಿಮ್ಮವರೇ ಅಚ್ಚು ಹಾಕಿದ್ದು ಎಂದರೆ ಅಲ್ಲಗಳೆಯಲು ಬಾಯಿ ಬರುವುದಿಲ್ಲ.

ಹೆಜ್ಜೆ 7: ಅಂಗೈಯ ಮೇಲಿನ ಕಾಸು (ಎಂಟರಿಂದ ಹತ್ತನೆಯ ವಾರ)

ಮಾರಿಸನ್ ಅವರ ಕಾದಂಬರಿಯಲ್ಲಿ ತಂದೆಯಿಂದಲೇ ಮಗಳ ಮೇಲೆ ಅತ್ಯಾಚಾರ ನಡೆಯುತ್ತದೆ. ಮೊದಲೇ ತಿಳಿದಿರಲಿ. ಮಲಗುವ ಮುನ್ನ ಓದಬೇಡಿ, ಹಗಲಿನಲ್ಲಿ ಓದಿ.

ಪಿಕೋಲಾ ಎಂಬ ಕಪ್ಪು ಹುಡುಗಿ ಮೂರು ಕಾಸು ಹಿಡಿದು ಮಿಠಾಯಿ ಕೊಳ್ಳಲು ಹೋಗುವ ಕೆಲವು ಪುಟಗಳನ್ನು ಮೂರು ಸಲ ಓದಿ. ಬಿಳಿಯ ಅಂಗಡಿಯವನು ಅವಳ ಕಡೆ ನೋಡುತ್ತಾನೆ, ಆದರೆ ಅವನ ಕಣ್ಣಿಗೆ ಅವಳು ಬೀಳುವುದೇ ಇಲ್ಲ. ಅವಳು ಕಾಸು ಚಾಚುತ್ತಾಳೆ. ಕೈ ಮುಟ್ಟಲು ಮನಸ್ಸಿಲ್ಲದೆ ಅವನು ಹಿಂಜರಿಯುತ್ತಾನೆ. ಕೊನೆಗೆ ಎತ್ತಿಕೊಳ್ಳುವಾಗ ಉಗುರು ಅವಳ ಬೆವೆತ ಅಂಗೈಗೆ ತಾಗುತ್ತದೆ, ಅಷ್ಟೇ. ಒಂದು ಕೆಟ್ಟ ಮಾತಿಲ್ಲ. ಮೊದಲ ಸಲ ಓದುವಾಗ ಕೈಗಳನ್ನು ನೋಡಿ, ಎರಡನೆಯ ಸಲ ಕಣ್ಣುಗಳನ್ನು, ಮೂರನೆಯ ಸಲ ದಾರಿಬದಿಯ ಡ್ಯಾಂಡಿಲಯನ್ ಹೂಗಳನ್ನು. ಅಂಗಡಿಗೆ ಹೋಗುವಾಗ ಅವು ಚೆಂದವೆಂದು ಅವಳಿಗೆ ತೋರಿತ್ತು. ಹೊರಬಂದ ಮೇಲೆ ಅದೇ ಹೂ ಕುರೂಪ, ಬರೀ ಕಳೆ.

ಇಷ್ಟಾದ ಮೇಲೆ ನಮ್ಮ ಮನೆಗಳಲ್ಲಿ ಹೊಗಳಿಕೆಯೆಂದೇ ಆಡುವ ಮಾತನ್ನು ಬರೆದು ಎದುರಿಗಿಡಿ: ‘ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ.’ ಕೆಲಸ ಮಾಡುತ್ತಿರುವುದು ಆ ‘ರೂ’.

ಹೆಜ್ಜೆ 8: ‘ನಮ್ಮಲ್ಲೂ ಹೀಗೇ’ ಎನ್ನುವ ಮೊದಲು

ನಮ್ಮ ಜಾತಿಯನ್ನು ಅಲ್ಲಿನ ವರ್ಣಭೇದಕ್ಕೆ ಹೋಲಿಸುವುದು ಹೊಸದಲ್ಲ. ಜೋತಿರಾವ್ ಫುಲೆ 1873ರ ‘ಗುಲಾಮಗಿರಿ’ಯನ್ನು ಗುಲಾಮಿ ಪದ್ಧತಿ ಅಳಿಸಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಂಬೇಡ್ಕರ್ 1946ರಲ್ಲಿ ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದರು. 1972ರ ದಲಿತ ಪ್ಯಾಂಥರ್ಸ್ ಹೆಸರೇ ಅಲ್ಲಿನ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯಿಂದ ಬಂದದ್ದು. ತಪ್ಪಾಗುವುದು ಹೋಲಿಕೆಯನ್ನು ಹತ್ತನೇ ಪುಟದಲ್ಲೇ ಮಾಡಿದಾಗ. ‘ಗೊತ್ತಿರುವುದೇ’ ಅನ್ನಿಸಿ ಕಣ್ಣು ಮುಚ್ಚುತ್ತದೆ. ಪುಸ್ತಕ ಮುಗಿದ ಮೇಲೆ ಒಂದು ಹಾಳೆಯಲ್ಲಿ ಒಂದೇ ಥರದ್ದು, ಬೇರೆ ಥರದ್ದು ಎಂದು ಪಟ್ಟಿ ಮಾಡಿ. ಮುಟ್ಟಲು ಹಿಂಜರಿಯುವ ಕೈ ಮೊದಲ ಪಟ್ಟಿಗೆ ಸೇರೀತು. 1662ರ ಕಾನೂನು ಎರಡನೆಯದಕ್ಕೆ.

ಇನ್ನೊಂದು ತಪ್ಪು, ಸದಾ ನೊಂದವರ ಪಕ್ಕದಲ್ಲೇ ನಮ್ಮನ್ನು ಕೂರಿಸಿಕೊಳ್ಳುವುದು. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಯರು ಆಫ್ರಿಕಾ ಮೂಲದ ಕನ್ನಡ ನಾಡಿನವರೇ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು ಅವರು 2003ರವರೆಗೆ ಕಾಯಬೇಕಾಯಿತು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಮತ್ತೊಬ್ಬ ಆಫ್ರಿಕನ್ ವಿದ್ಯಾರ್ಥಿಯ ಕಾರಿನಿಂದ ಅಪಘಾತವಾದಾಗ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು. ಪುಸ್ತಕದಲ್ಲಿ ಯಜಮಾನಿ, ಅಂಗಡಿಯವನು, ಸುಮ್ಮನೆ ನಿಂತು ನೋಡಿದವರು ಬಂದಾಗ, ನಮ್ಮ ಜಾಗ ಅಲ್ಲಿಯೂ ಇದೆಯೇ ಎಂದು ಕೇಳಿಕೊಳ್ಳಬೇಕು.

‘ಇಂಟರ್‌ಸೆಕ್ಷನಾಲಿಟಿ’ (ಲಿಂಗ ಮತ್ತು ವರ್ಣದ ತಾರತಮ್ಯ ಒಟ್ಟಿಗೇ ಬೀಳುವುದು) ಎಂಬ ಪದ ಎದುರಾದರೆ ವ್ಯಾಖ್ಯಾನ ಬಾಯಿಪಾಠ ಮಾಡಬೇಡಿ, ಮೊಕದ್ದಮೆ ನೆನಪಿಡಿ. ಕಾರು ತಯಾರಿಸುವ ಜನರಲ್ ಮೋಟರ್ಸ್ ವಿರುದ್ಧ ಐವರು ಕಪ್ಪು ಮಹಿಳೆಯರು ದಾವೆ ಹೂಡಿದ್ದರು. 1964ಕ್ಕೆ ಮೊದಲು ಆ ಕಂಪನಿ ಕಪ್ಪು ಮಹಿಳೆಯರನ್ನು ಸೇರಿಸಿಕೊಂಡಿರಲಿಲ್ಲ. ಸೇವಾ ಹಿರಿತನ ನೋಡಿ ಕೆಲಸದಿಂದ ತೆಗೆದಾಗ ಅವರೇ ಮೊದಲು ಹೊರಬಿದ್ದರು. ಕಂಪನಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತ್ತಲ್ಲ ಎಂದಿತು 1976ರ ತೀರ್ಪು. ಹೌದು, ಬಿಳಿಯ ಹೆಣ್ಣುಮಕ್ಕಳನ್ನು. ಲಿಂಗ ಮತ್ತು ವರ್ಣ ಎರಡನ್ನೂ ಸೇರಿಸಿ ದೂರು ಕೊಡುವಂತಿಲ್ಲ ಎಂದೂ ಹೇಳಿತು. ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಷಾ 1989ರಲ್ಲಿ ಆ ಪದ ತಂದಿದ್ದು ಇಂಥ ತೀರ್ಪುಗಳನ್ನು ಮುಂದಿಟ್ಟುಕೊಂಡು.

ಹೆಜ್ಜೆ 9: ಕೂಡಿ ಓದುವುದಾದರೆ

ಐದರಿಂದ ಏಳು ಜನ, ಒಂದೂವರೆ ಗಂಟೆ, ಹದಿನೈದು ದಿನಕ್ಕೊಮ್ಮೆ. ಮೊದಲ ಇಪ್ಪತ್ತು ನಿಮಿಷ ಯಾರೂ ಅಭಿಪ್ರಾಯ ಹೇಳಬಾರದು, ತಮ್ಮ ನೋಟ್‌ಬುಕ್ಕಿನ ಮೂರನೆಯ ಕಂಬವನ್ನಷ್ಟೇ ಓದಬೇಕು. ದೌರ್ಜನ್ಯದ ಅಧ್ಯಾಯಗಳ ಸಂಖ್ಯೆಯನ್ನು ಒಂದು ವಾರ ಮೊದಲೇ ತಿಳಿಸಿ. ಆ ದಿನ ಬರದವರನ್ನು ಏಕೆ ಬರಲಿಲ್ಲವೆಂದು ಕೇಳಬೇಡಿ. ಗುಂಪಿನಲ್ಲಿ ದಲಿತ ಮಹಿಳೆಯೋ ಸಿದ್ದಿ ಮಹಿಳೆಯೋ ಇದ್ದರೆ ‘ನಿಮ್ಮ ಅನುಭವ ಹೇಳಿ’ ಎಂದು ದುಂಬಾಲು ಬೀಳಬೇಡಿ. ಅವರು ಬಂದಿರುವುದೂ ಪುಸ್ತಕ ಓದಲಿಕ್ಕೆ.

ಹೆಜ್ಜೆ 10: ಒಂದು ಪುಟ ಕನ್ನಡಕ್ಕೆ

ಕೊನೆಯ ವಾರ ನ್ಯಾಯಾಲಯದ ದಾಖಲೆಯ ಕೆಲವು ಸಾಲುಗಳನ್ನು ನಿಮ್ಮ ಕೈಯಾರೆ ಕನ್ನಡಕ್ಕೆ ತನ್ನಿ. 1963ರ ಜೂನ್, ಅಲಬಾಮಾದ ಗ್ಯಾಡ್ಸ್‌ಡನ್. ಕಟಕಟೆಯಲ್ಲಿರುವ ಕಪ್ಪು ಮಹಿಳೆ, ಹೆಸರು ಕೇಳಿದಾಗ ‘ಮಿಸ್ ಮೇರಿ ಹ್ಯಾಮಿಲ್ಟನ್’ ಎನ್ನುತ್ತಾರೆ. ಸರ್ಕಾರಿ ವಕೀಲ ಮರುಕ್ಷಣವೇ ‘ಮೇರಿ’ ಎಂದು ಪ್ರಶ್ನೆ ಕೇಳುತ್ತಾನೆ. ಸರಿಯಾಗಿ ಕರೆಯುವವರೆಗೆ ಉತ್ತರಿಸುವುದಿಲ್ಲ ಎನ್ನುತ್ತಾರೆ ಆಕೆ. ನ್ಯಾಯಾಧೀಶರು ಅಪ್ಪಣೆ ಮಾಡಿದರೂ ಉತ್ತರಿಸುವುದಿಲ್ಲ. ನ್ಯಾಯಾಂಗ ನಿಂದನೆಯೆಂದು 5 ದಿನ ಜೈಲು, 50 ಡಾಲರ್ ದಂಡ. 1964ರ ಮಾರ್ಚಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ತಳ್ಳಿಹಾಕಿತು.

ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ‘ಯೂ’. ಕನ್ನಡದಲ್ಲಿ ನೀವು ಆರಿಸಲೇಬೇಕು. ವಕೀಲನ ಸಾಲು ಸುಲಭ: ‘ಮೇರಿ, ನಿನ್ನನ್ನು ಬಂಧಿಸಿದ್ದು ಯಾರು?’ ಏಕವಚನವೇ ಅಲ್ಲಿ ಅನುವಾದ. ನ್ಯಾಯಾಧೀಶರದೂ ‘ಉತ್ತರ ಹೇಳು’ ಎಂದೇ ಬರಬೇಕು. ನಿರೂಪಣೆಯಲ್ಲಿ ವಕೀಲನಿಗೆ ‘ಅವರು’ ಕೊಟ್ಟು ಆಕೆಗೆ ‘ಅವಳು’ ಕೊಟ್ಟಿದ್ದೀರಾ ಎಂದು ಒಮ್ಮೆ ತಿರುಗಿ ನೋಡಿ, ಕೈ ತಾನಾಗಿ ಹಾಗೆ ಹೋಗಿರುತ್ತದೆ. ಉಳಿಯುವುದು ಆಕೆಯ ಸಾಲು: ‘ನನ್ನ ಹೆಸರು ಮಿಸ್ ಹ್ಯಾಮಿಲ್ಟನ್. ದಯವಿಟ್ಟು ನನ್ನನ್ನು ಸರಿಯಾಗಿ ಸಂಬೋಧಿಸಿ.’ ಸಿಟ್ಟಿಗೆ ‘ಸಂಬೋಧಿಸು’ ಎಂದು ಬರೆಯುವ ಆಸೆಯಾಗುತ್ತದೆ. ಆದರೆ ದಾಖಲೆಯಲ್ಲಿ ‘ಪ್ಲೀಸ್’ ಇದೆ. ತಮಗೆ ಕೊಡದ ಬಹುವಚನವನ್ನು ಅವರು ಎದುರಿನವನಿಗೆ ಕೊಟ್ಟರು. ‘ಸಿ’ ಎಂದೇ ಬರೆಯಿರಿ.